ಹಿಡಿಯಲ್ಲಿ ಅಳೆದ ಬೆನ್ನು

ಜಾವಾ ದ್ವೀಪದ ಜೋಗ್ಯಾ ಊರಿನ ಬಟ್ಟೆ ಪೇಟೆಯ ಮೂರನೇ ಮಹಡಿಯಲ್ಲಿ ನನ್ನ ಬಾತಿಕ್ ಬಟ್ಟೆಯ ಅಂಗಡಿ. ಮೂವತ್ತು ವರ್ಷ ನನ್ನ ಗಂಟುಗಳನ್ನು ಅಲ್ಲಿಗೆ ಹೊತ್ತವಳು ತುಕಿನಾ. ಗೀರುಗೀರಿನ ಲುರಿಕ್ ಬಟ್ಟೆಯನ್ನು ಗಂಟಿಗೆ ಸುತ್ತಿ ಎದೆಯ ಮೇಲೆ ಬಿಗಿದರೆ ಭಾರವೆಲ್ಲ ಬೆನ್ನಿಗೆ, ತೊಡೆಗೆ. ಕೈಗೆ ಕೆಲಸವೇ ಇಲ್ಲ. ಮೆಟ್ಟಿಲು ಹತ್ತುತ್ತಲೇ ಎಲೆಯಡಿಕೆ ಮಡಿಸಿಕೊಳ್ಳುತ್ತಿದ್ದಳು.

ಹೋದ ವರ್ಷ ಪೇಟೆಯ ಕಮಿಟಿಯವರಿಗೆ ಬುದ್ಧಿ ಹೆಚ್ಚಾಯಿತು. ಹೊರೆ ಹೊರುವ ಮುದುಕಿಯರಿಗೆ ಬಲಪರೀಕ್ಷೆಯಂತೆ. ಪಾಸಾದವರಿಗಷ್ಟೇ ಹಸಿರು ಅಂಗಿ, ಅಂಗಿಯಿದ್ದವರಿಗಷ್ಟೇ ಹೊರೆ. ಮೇಲ್ವಿಚಾರಕ ಹರ್ಜೋನೋ ಹಿಡಿಯಲ್ಲಿ ಒತ್ತಿ ಬಲ ಅಳೆಯುವ ಯಂತ್ರವೊಂದನ್ನು ತಂದ.

"ಗಂಟು ಕೊಡಿ, ಹೊತ್ತು ತೋರಿಸ್ತೀನಿ," ಅಂದಳು ತುಕಿನಾ.

"ಬೇಡ ಅಜ್ಜಿ. ಹಿಡಿ ಗಟ್ಟಿಯಿದ್ರೆ ಬೆನ್ನೂ ಗಟ್ಟಿ, ಕಾಲೂ ಗಟ್ಟಿ. ಓದಿದವ್ರು ಸಾವಿರಾರು ಜನರನ್ನ ಅಳೆದು ಹೇಳಿದ್ದಾರೆ."

"ಅವ್ರಲ್ಲಿ ಬೆನ್ನ ಮೇಲೆ ಹೊತ್ತೇ ಬದುಕಿದವ್ರು ಎಷ್ಟು ಜನ ಇದ್ರಪ್ಪಾ?"

ಮುಳ್ಳು ಹದಿಮೂರಕ್ಕೆ ನಿಂತಿತು. ಬೇಕಿದ್ದದ್ದು ಹದಿನೆಂಟು. ಅವಳ ಗೆಳತಿ ಪೋನಿರಾ ಮೊದಲು ಬಣ್ಣದ ತೊಟ್ಟಿಯಲ್ಲಿ ಬಟ್ಟೆ ಹಿಂಡುತ್ತಿದ್ದವಳು. ಮೊಣಕಾಲು ಸವೆದಿದ್ದರೂ ಇಪ್ಪತ್ನಾಲ್ಕು ಒತ್ತಿ ಅಂಗಿ ಪಡೆದಳು.

"ನೀವಾದ್ರೂ ಹೇಳಿ ಯಜಮಾನ್ರೇ," ಎಂದು ತುಕಿನಾ ನನ್ನ ಕಡೆ ತಿರುಗಿದಳು. ನನ್ನ ಅಂಗಡಿಯ ಪರವಾನಗಿಗೆ ಹರ್ಜೋನೋನ ಸಹಿ ಬಾಕಿಯಿತ್ತು. "ಯಂತ್ರಕ್ಕೆ ನಮಗಿಂತ ಗೊತ್ತಿರುತ್ತೆ," ಅಂದುಬಿಟ್ಟೆ. ನನ್ನ ನಾಲಿಗೆಗೆ ಹುಳ ಬೀಳಲಿ.

ತಿಂಗಳೊಳಗೆ ಪೋನಿರಾ ನನ್ನದೇ ಗಂಟು ಹೊತ್ತು ಮೆಟ್ಟಿಲಲ್ಲಿ ಕುಸಿದು ಬಿದ್ದಳು. ಮೊಣಕಾಲು ತಿರುಚಿಹೋಯಿತು. ಗಂಡಸರೆಲ್ಲ ಸುತ್ತ ನಿಂತು ಕೂಗಾಡುತ್ತಿದ್ದರು. ಹೊರೆ ಕೈತಪ್ಪಿದ ಮೇಲೆ ಗೇಟಿನ ಬಳಿ ಸೋಯಾ ಕಾಳಿನ ಕರಿದ ತಿಂಡಿ ಟೆಂಪೆ ಮಾರಲು ಕೂತಿದ್ದ ತುಕಿನಾ ಸದ್ದು ಕೇಳಿ ಮೇಲೆ ಬಂದಳು, ಗೆಳತಿಯನ್ನು ಲುರಿಕ್‌ನಲ್ಲಿ ಬೆನ್ನಿಗೆ ಕಟ್ಟಿಕೊಂಡು ಎರಡು ಮಹಡಿ ಇಳಿದಳು. ಹರ್ಜೋನೋ ಮುಂದೆ ಮುಂದೆ ಓಡುತ್ತಾ ದಾರಿ ಬಿಡಿಸುತ್ತಿದ್ದ.

ಮರುದಿನ ತುಕಿನಾಳ ಜೊತೆ ನಾನೂ ಹರ್ಜೋನೋನ ಕಚೇರಿಗೆ ಹೋದೆ. ಈ ಸಲ ಅವಳ ಪರವಾಗಿ ಬಾಯಿಬಿಟ್ಟೆ. "ನೀವೇ ಕಣ್ಣಾರೆ ನೋಡಿದ್ರಲ್ಲ. ಅಂಗಿ ಕೊಡಿ."

ಅವನು ಯಂತ್ರವನ್ನು ಮುಂದಕ್ಕೆ ತಳ್ಳಿದ. ತುಕಿನಾ ಹಲ್ಲು ಕಚ್ಚಿ ಒತ್ತಿದಳು. ಹನ್ನೆರಡು.

"ನಿನ್ನೆ ಹೊತ್ತದ್ದು?" ಅಂದೆ.

"ಅದು ಗೆಳತಿ ಮೇಲಿನ ಪ್ರೀತಿ ಸ್ವಾಮಿ. ಅಂಥ ಹೊತ್ತಲ್ಲಿ ಯಾರಿಗಾದ್ರೂ ಬರುತ್ತೆ. ಬಲ ಅಲ್ಲ ಅದು."

ತುಕಿನಾ ನಕ್ಕಳು. ನೋಡಿದ್ದು ಅವನನ್ನಲ್ಲ, ನನ್ನನ್ನು.

"ಹಂಗಾದ್ರೆ ಮೂವತ್ತು ವರ್ಷ ಇವ್ರ ಗಂಟು ಹೊತ್ತೆನಲ್ಲ, ಅದೂ ಪ್ರೀತಿಯೇನಪ್ಪಾ?"

ಹರ್ಜೋನೋ ಯಂತ್ರದ ಮುಳ್ಳನ್ನು ಸೊನ್ನೆಗೆ ತಿರುಗಿಸಿದ. ಅವಳು ಟೆಂಪೆ ಮಾರಲು ಹೋದಳು.