ಇಳಿಜಾರು ಕೇಳುತ್ತಿದ್ದ ಮಾಸ್ತರರು

ನವಲಗುಂದದಲ್ಲಿ ನಮ್ಮ ಬಾಜೂ ಮನೆಯಲ್ಲಿದ್ದ ಮಾಸ್ತರರು ತಮ್ಮ ಹಳೆಯ ಕಾರನ್ನು ಯಾವಾಗಲೂ ಕಾಲುವೆಯ ಏರಿಯ ಮೇಲೆ ನಿಲ್ಲಿಸುತ್ತಿದ್ದರು. ಬ್ಯಾಟರಿ ಕೈಕೊಟ್ಟರೆ ಕೆಳಗೆ ಉರುಳಿಸಿ ಚಾಲೂ ಮಾಡಬಹುದಲ್ಲ. ಎಲ್ಲಿಗೆ ಕರೆದರೂ, “ಅಲ್ಲಿ ಇಳಿಜಾರ ಐತೇನ್ರಿ?” ಎನ್ನುತ್ತಿದ್ದರು.

ಅವ್ವನಿಗೆ ಎದೆನೋವು ಬಂದ ಮಧ್ಯಾಹ್ನ ಕಾರನ್ನು ನಮ್ಮ ಬಾಗಿಲಿಗೇ ತಂದು ಎಂಜಿನ್ ಬಂದ್ ಮಾಡಿದರು. ನೆಲ ಸಪಾಟು, ಮತ್ತೆ ಚಾಲೂ ಆಗುವುದು ಹೇಗೆ? ಓಣಿಯವರು ರೂಢಿಯಂತೆ ದೂಡಲು ಹಿಂದೆ ನಿಂತರು.

“ಕೈ ತಗೀರಿ. ನಿನ್ನೆ ಹೊಸಾ ಬ್ಯಾಟರಿ ಹಾಕ್ಸೇನಿ,” ಎಂದರು ಮಾಸ್ತರರು. ಕೀಲಿ ತಿರುವಿದ ಕೂಡಲೇ ಕಾರು ಚಾಲೂ ಆಯಿತು.

ಹುಬ್ಬಳ್ಳಿಯ ವೈದ್ಯರು ಹೃದಯಕ್ಕೇನೂ ಆಗಿಲ್ಲ, ಬರೀ ವಾಯು ಎಂದರು. ನಿರಾಳವಾಗಿ ಹೊರಬಂದರೆ ಆಸ್ಪತ್ರೆಯ ಬಾಗಿಲಲ್ಲಿ ಕಾರಿಲ್ಲ. ಮಾಸ್ತರರು ಅದನ್ನು ದೂರದ ಇಳಿಜಾರಿನಲ್ಲಿ ನಿಲ್ಲಿಸಿದ್ದರು. ಅವ್ವ ನಕ್ಕಳು: “ಹೊಸಾ ಬ್ಯಾಟರಿ ಅಂದ್ರಲ್ರೀ?”

“ಹೌದ್ರಿ ಅಕ್ಕಾರ. ಆದ್ರ ಅದು ನನಗ ಪರಿಚಯ ಆಗಿ ಒಂದ ದಿನ ಆಗೇತ್ರಿ.”