ನೋಡದ ದೇವರ ಕೋಣೆ

“ನೀವು ನೋಡಿದ ಮನಿರೀ ಇದು! ದೇವರ ಕೋಣಿ ಛತ್ ಬಿದ್ದದ, ನೀವೇ ಜವಾಬ್ದಾರಿ!”

ಕಮಲಾಪುರದಲ್ಲಿ ಹೊಸದಾಗಿ ಕೊಂಡ ಮನೆಯ ಅಂಗಳದಲ್ಲಿ ಓಣಿಯವರ ಮುಂದೆಯೇ ಶಾಲೆಯ ಮಾಸ್ತರರೊಬ್ಬರು ನನ್ನ ಮೇಲೆ ಕೂಗಾಡಿದರು. ಅವರು ಕೊಳ್ಳುವ ಮುಂಚೆ ಮನೆ ಪರೀಕ್ಷಿಸಿಕೊಟ್ಟ ಎಂಜಿನಿಯರ್ ನಾನೇ.

ನನ್ನ ವರದಿಯ ಕೊನೆಯ ಪುಟವನ್ನು ಅವರ ಕೈಗಿಟ್ಟೆ. ಎಲ್ಲರಿಗೂ ಕೇಳಲೆಂದು ಗಟ್ಟಿಯಾಗಿ ಓದತೊಡಗಿದರು: “ಮಡಿ ಎಂದು ಈಗಿನ ಮಾಲೀಕರು ದೇವರ ಕೋಣೆಯೊಳಗೆ ಬಿಡಲಿಲ್ಲ. ಛಾವಣಿ ನೋಡಿಲ್ಲ. ನೋಡಿಸದೆ ಕೊಳ್ಳಬೇಡಿ.” ಓದುತ್ತ ಓದುತ್ತ ದನಿ ಇಳಿಯಿತು. ಕೆಳಗಿದ್ದದ್ದು “ದೇವರ ಕೋಣಿಗೇನಾಗ್ತದ ಬಿಡ್ರಿ” ಎಂದು ನಗುತ್ತ ಅವರೇ ಹಾಕಿದ್ದ ಸಹಿ.

“ತಪ್ಪು ನಂದೇರೀ ಮೇಡಂ,” ಎಂದರು. “ಕಲಬುರಗ್ಯಾಗ ನಮ್ಮ ತಮ್ಮ ಮನಿ ತಗೋಳಾಕತ್ತಾನ. ನೀವೇ ನೋಡ್ರಿ, ದೇವರ ಕೋಣಿ ಮೊದಲ.”

ಆ ಓಣಿಯಿಂದ ತಲೆಯೆತ್ತಿ ಬಂದೆ. ಅಂದಿನಿಂದ ನಾನು ನೋಡದೆ ಬಿಟ್ಟದ್ದನ್ನೇ ವರದಿಯ ಮೊದಲ ಪುಟದಲ್ಲಿ, ದಪ್ಪ ಅಕ್ಷರದಲ್ಲಿ ಬರೆಯುತ್ತೇನೆ.