ಪೌಲಿನ್ ಕೇಳದೆ ಬಿಟ್ಟ ಪ್ರಶ್ನೆ

ಸ್ಲೇಟ್ ಹಾಲೋ ಊರಿನಲ್ಲಿ ಪೌಲಿನ್ ಹುಡಾಕಳ ಕೈಯ ಅಕ್ರೋಟ್ ತುಂಬಿದ ಸಿಹಿ ರೋಲ್ ತಿನ್ನದವರಿಲ್ಲ. ಅವಳ ಪ್ರಶ್ನೆಗೆ ಸಿಕ್ಕಿಬೀಳದವರೂ ಇಲ್ಲ. ಎರಡೂ ಒಟ್ಟಿಗೇ ಬರುತ್ತವೆ. ಮೊದಲು ತಟ್ಟೆ ಮೇಜಿನ ಮೇಲೆ ಕೂರುತ್ತದೆ. ಮನೆಯವರ ಬಾಯಿ ತುಂಬಿರುವಾಗಲೇ ಪ್ರಶ್ನೆ ಬೀಳುತ್ತದೆ: "ನಿಮ್ಮನೇಲಿ ಕೋವಿ ಇದ್ಯಾ? ಬೀಗ ಹಾಕಿದೀರಾ? ಬೀಗದ ಕೈ ಎಲ್ಲಿಟ್ಟಿದೀರಾ?"

ಅವಳು ಮೊಮ್ಮಗಳನ್ನು ಯಾರ ಮನೆಗಾದರೂ ಆಡಲು ಕಳಿಸಬೇಕಾದರೆ ಇಷ್ಟಕ್ಕೆ ಉತ್ತರ ಸಿಗಲೇಬೇಕು. ಪೆನ್ಸಿಲ್ವೇನಿಯಾದ ಈ ಗುಡ್ಡಗಳ ನಡುವೆ ಅದು ಗಂಡಸಿನ ಸಂಬಳ ಕೇಳಿದಷ್ಟೇ ಮುಜುಗರದ ಮಾತು. ಜಿಂಕೆ ಬೇಟೆ ಶುರುವಾದ ಮೇಲಿನ ಸೋಮವಾರ ಶಾಲೆಗೇ ರಜ ಕೊಡುವ ಸೀಮೆ ಇದು. ಕೋವಿಯಿಲ್ಲದ ಮನೆಯಿಂದ ಸಾಸಿವೆ ತಾ ಎಂದರೆ ಬರಿಗೈಯಲ್ಲೇ ಮರಳಬೇಕು. ಹಾಗೆಂದು ಪೌಲಿನ್‌ಗೆ ಬೇಟೆಯ ಮೇಲೆ ಸಿಟ್ಟೇನಿಲ್ಲ. ನವೆಂಬರಿನಲ್ಲಿ ಯಾರು ಜಿಂಕೆಮಾಂಸದ ಸಾಸೇಜ್ ತಂದುಕೊಟ್ಟರೂ ಬೇಡವೆನ್ನುವವಳಲ್ಲ. ಖಾರ ಸಾಲದು ಎಂದು ಮಾತ್ರ ಹೇಳುತ್ತಾಳೆ.

ಅಗ್ನಿಶಾಮಕ ಠಾಣೆಯ ಸಭಾಂಗಣದಲ್ಲಿ ಶುಕ್ರವಾರದ ಬಿಂಗೋ ಆಟಕ್ಕೆ ಕೂತಾಗ ಅವಳನ್ನು ರೇಗಿಸುವುದೂ ಒಂದು ಆಟವೇ.

"ಪೌಲಿನ್ ಸ್ವರ್ಗದ ಬಾಗಿಲಲ್ಲಿ ನಿಂತು ಸಂತ ಪೀಟರನ್ನೂ ಕೇಳ್ತಾಳೆ ನೋಡ್ತಿರಿ, ಒಳಗೆ ಕೋವಿ ಇದ್ಯಾ ಅಂತ!" ಎಂದು ಒಮ್ಮೆ ಗಸ್ ಬೆರೆಶ್ ಎಲ್ಲರಿಗೂ ಕೇಳುವಂತೆ ಹೇಳಿದ.

"ಕೇಳ್ದೆ ಬಿಡ್ತೀನಾ?" ಪೌಲಿನ್ ಚೀಟಿಯಿಂದ ತಲೆಯೆತ್ತಲಿಲ್ಲ. "ಒಳಗೆ ಅಷ್ಟೊಂದು ಮಕ್ಕಳಿದಾರೆ."

ನಗು ಅರ್ಧಕ್ಕೇ ತಗ್ಗಿತು. ಯಾರೋ ಬೇಗನೆ ಮುಂದಿನ ಸಂಖ್ಯೆ ಕೂಗಿದರು.

ಆ ಮಕ್ಕಳಲ್ಲಿ ಅವಳ ಮಗ ಆಂಡಿಯೂ ಒಬ್ಬ. ಆರು ವರ್ಷದವನು. ಬೀದಿಯ ಕೊನೆಯ ಮನೆಗೆ ಆಡಲು ಹೋಗಿದ್ದ. ಕಳಿಸುವ ಮುಂಚೆ ಪೌಲಿನ್ ಆ ಮನೆಯವರನ್ನು ಎರಡು ವಿಷಯ ಕೇಳಿದ್ದಳು: ದೊಡ್ಡವರು ಯಾರಾದರೂ ಇರುತ್ತಾರಾ, ನಾಯಿ ಕಚ್ಚುತ್ತದಾ. ದೊಡ್ಡವರು ಇದ್ದರು. ನಾಯಿ ಕಚ್ಚುತ್ತಿರಲಿಲ್ಲ. ಮಂಚದ ಪಕ್ಕದ ಡ್ರಾಯರಿನಲ್ಲಿ ಪಿಸ್ತೂಲಿತ್ತು. ಅದನ್ನು ತೆಗೆದು ಆಡಿದ ಆ ಮನೆಯ ಹುಡುಗ ರಾನಿಗೆ ಆಗ ಏಳು. ಈಗ ಅವನ ತಲೆ ನರೆತಿದೆ. ಪ್ರತಿ ಚಳಿಗಾಲ ಹೇಳಿಸಿಕೊಳ್ಳದೆ ಬಂದು ಪೌಲಿನಳ ಮೆಟ್ಟಿಲ ಮೇಲಿನ ಹಿಮ ತೆಗೆಯುತ್ತಾನೆ. ಅವನು ಎಲೆಕೋಸಿನ ಸೂಪು ಮುಗಿಸುವ ತನಕ ಅವಳು ಅವನನ್ನು ಕುರ್ಚಿಯಿಂದ ಏಳಗೊಡುವುದಿಲ್ಲ.

ಕಳೆದ ಅಕ್ಟೋಬರಿನಲ್ಲಿ ಪೌಲಿನಳ ಪ್ರಶ್ನೆಗೆ ಒಂದು ಕಂಟಕ ಬಂತು. ಅದು ಮನೆಯೊಳಗಿಂದಲೇ ಬಂತು. ಮಗಳು ಕಾರ್ಖಾನೆಯ ಸಂಜೆ ಪಾಳಿಗೆ ಹೋಗುವುದರಿಂದ ಮೊಮ್ಮಗಳು ಟೆಸ್ ಅಜ್ಜಿಯ ಬಳಿಯೇ ಬೆಳೆಯುತ್ತಿದ್ದಳು. ಎಂಟು ವರ್ಷ. ಗೆಳತಿ ನೋರಾಳ ಹುಟ್ಟುಹಬ್ಬಕ್ಕೆ ಕರೆ ಬಂದಿತ್ತು. ನಡುಮನೆಯಲ್ಲೇ ಡೇರೆ ಹಾಕಿ ಇಬ್ಬರೂ ಅದರಲ್ಲಿ ಮಲಗುವ ಯೋಜನೆ. ಟೆಸ್ ಹಿಂದೆಂದೂ ಯಾರ ಮನೆಯಲ್ಲೂ ರಾತ್ರಿ ಉಳಿದವಳಲ್ಲ.

"ಅಜ್ಜಿ, ಈ ಸಲ ಕೇಳ್ಬೇಡ," ಎಂದಳು ಟೆಸ್.

"ಏನನ್ನ?"

"ನಿಂಗೊತ್ತು ಏನನ್ನ ಅಂತ. ನಮ್ಮ ಕ್ಲಾಸಿನ ಕೈಲಿ ಅನ್ನೋಳ ಮನೇಲಿ ನೀನು ಕೇಳ್ದೆ. ಅವರಮ್ಮ ಆಮೇಲೆ ನನ್ನನ್ನ ಕರೀಲೇ ಇಲ್ಲ. ನೋರಾನೂ ಕರೀದೆ ಇದ್ರೆ ನಂಗೆ ಯಾರೂ ಇರಲ್ಲ."

ಪೌಲಿನ್ ಹಿಟ್ಟು ಲಟ್ಟಿಸುವುದನ್ನು ನಿಲ್ಲಿಸಿದಳು. ಹುಡುಗಿ ಅಳುತ್ತಿರಲಿಲ್ಲ, ಲೆಕ್ಕ ಒಪ್ಪಿಸುವವಳ ಹಾಗೆ ಹೇಳಿದ್ದಳು. ಅದೇ ಕಷ್ಟವಾಯಿತು. ನೋರಾಳ ಅಜ್ಜ ಬೇರೆ ಯಾರೂ ಅಲ್ಲ, ಗಸ್ ಬೆರೆಶನೇ. ಗಣಿಯಲ್ಲಿ ಎಲೆಕ್ಟ್ರಿಶಿಯನ್ ಆಗಿದ್ದವನು, ಪೌಲಿನಳ ಸಹಪಾಠಿ, ಊರಿಗೆಲ್ಲ ದೊಡ್ಡ ಬೇಟೆಗಾರ. ಮಾತಿಗೆ ಬೇಗ ಮುನಿಯುವವನು.

"ಸರಿ. ನಾನಾಗಿ ಕೇಳಲ್ಲ," ಎಂದಳು ಪೌಲಿನ್. "ಆದ್ರೆ ನಿನ್ನನ್ನ ಬಿಡೋಕೆ ನಾನೇ ಬರ್ತೀನಿ. ನಂಗೆ ಸಮಾಧಾನ ಆಗದಿದ್ರೆ ಇಬ್ರೂ ವಾಪಸ್ ಬರ್ತೀವಿ."

"ಸಮಾಧಾನ ಹೇಗಾಗುತ್ತೆ, ಕೇಳದೇನೇ?"

ಪೌಲಿನ್ ಮತ್ತೆ ಲಟ್ಟಣಿಗೆ ಎತ್ತಿಕೊಂಡಳು.

ಶನಿವಾರ ಮಧ್ಯಾಹ್ನ ಗಸ್ ಅಡುಗೆಮನೆಯಲ್ಲಿ ಕಾಫಿ ಸುರಿದುಕೊಟ್ಟ. ನೋರಾಳ ತಾಯಿ ಆಸ್ಪತ್ರೆಯ ಪಾಳಿಗೆ ಹೋಗಿದ್ದಳು. ಹುಡುಗಿಯರು ಡೇರೆಯ ಕಂಬಗಳೊಡನೆ ಗುದ್ದಾಡುತ್ತಿದ್ದರು. ಪೌಲಿನ್ ರೋಲಿನ ತಟ್ಟೆ ಮೇಜಿನ ಮೇಲಿಟ್ಟು, ಹವಾಮಾನದ ಮಾತಾಡಿದಳು. ಮೊಣಕಾಲು ನೋವಿನ ಮಾತಾಡಿದಳು. ಚರ್ಚಿನ ಹೊಸ ಪಾದ್ರಿಯ ಗಂಟಲಿನ ಬಗ್ಗೆಯೂ ಮಾತಾಡಿದಳು. ಗಸ್ ಕುರ್ಚಿಯಲ್ಲಿ ಆ ಕಡೆ ಈ ಕಡೆ ಹೊರಳಿದ. ಅವನು ಹೊಸದಾಗಿ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ.

"ಅಷ್ಟೇನಾ?" ಎಂದ ಕೊನೆಗೆ.

"ಇನ್ನೇನು?"

"ಊರಲ್ಲಿ ಎಲ್ರನ್ನೂ ಕೇಳಿದೀಯ. ನನ್ನನ್ನ ಯಾಕೆ ಕೇಳಲ್ಲ? ನಾನೇನು ಕೋವಿ ಇಡೋಕೆ ಯೋಗ್ಯತೆ ಇಲ್ದವನಾ?"

ಬಾಗಿಲಲ್ಲಿ ಟೆಸ್ ಕಣ್ಣು ಬಿಟ್ಟು ನಿಂತಳು. ಪೌಲಿನ್ ತುಟಿ ಬಿಗಿಹಿಡಿದು ಅವಳತ್ತ ಎರಡೂ ಕೈ ಎತ್ತಿ ತೋರಿಸಿದಳು: ನಾನು ಬಾಯಿ ಬಿಟ್ಟಿಲ್ಲ.

"ಬೆಳಗಿನಿಂದ ಒರೆಸಿ ಇಟ್ಟಿದೀನಿ. ಬಾ ಈ ಕಡೆ," ಎಂದು ಗಸ್ ಅವಳನ್ನು ಹಜಾರಕ್ಕೆ ಎಳೆದೊಯ್ದ. ಉಕ್ಕಿನ ಬೀರು, ಒಳಗೆ ಸಾಲಾಗಿ ನಾಲ್ಕು ಕೋವಿ, ಗುಂಡುಗಳಿಗೆ ಬೇರೆಯೇ ಪೆಟ್ಟಿಗೆ. ಬೀಗದ ಕೈ ಅವನ ಜೇಬಿನ ಸರಪಳಿಯಲ್ಲಿ. ದೋಷ ಹುಡುಕಲು ಜಾಗವಿರಲಿಲ್ಲ.

"ಚೆನ್ನಾಗಿದೆ ಗಸ್. ನಿಜವಾಗ್ಲೂ."

"ಈ ಮನೇಲಿ ನಾನು ಬಚ್ಚಿಟ್ಟಿದ್ದನ್ನ ಇಲಿಯೂ ಹುಡುಕಲ್ಲ."

ಪೌಲಿನಳ ಪದ್ಧತಿಯಲ್ಲಿ ಪ್ರಶ್ನೆಯ ನಂತರ ಒಂದು ಪರೀಕ್ಷೆಯಿತ್ತು. ರಾನಿ ಚಿಕ್ಕವನಾಗಿದ್ದಾಗ ಹೇಳಿದ ಒಂದು ಮಾತಿನಿಂದ ಹುಟ್ಟಿದ್ದು ಅದು: ಡ್ರಾಯರಿನಲ್ಲಿ ಪಿಸ್ತೂಲಿರುವುದು ನನಗೆ ಯಾವಾಗಿನಿಂದಲೋ ಗೊತ್ತಿತ್ತು. ಪರೀಕ್ಷೆ ಮಾಡುವುದಿಲ್ಲ ಎಂದು ಅವಳು ಟೆಸ್‌ಗೆ ಮಾತು ಕೊಟ್ಟಿರಲಿಲ್ಲ. "ಹಾಗಾದ್ರೆ ಈ ರೋಲಿನ ತುಂಡು ಬಚ್ಚಿಡು," ಎಂದಳು. "ಹುಡುಗೀರು ಹುಡುಕಲಿ. ಸಿಗದಿದ್ರೆ ಮುಂದಿನ ಶುಕ್ರವಾರ ಬಿಂಗೋದಲ್ಲಿ ನಿನ್ನ ಕಾಫಿ ನನ್ನ ಲೆಕ್ಕ."

ಗಸ್‌ಗೆ ಇನ್ನೇನು ಬೇಕು? ಹುಡುಗಿಯರನ್ನು ಜಗಲಿಗೆ ಓಡಿಸಿ, ರೋಲನ್ನು ಬೆಳ್ಳಿ ಕಾಗದದಲ್ಲಿ ಸುತ್ತಿ ನೆಲಮಾಳಿಗೆಗೆ ಇಳಿದ. ಹತ್ತಿ ಬಂದಾಗ ಅಂಗಿಯ ತೋಳಿಗೆ ಜೇಡರ ಬಲೆ, ಮುಖದ ತುಂಬ ಗೆಲುವು. ಮಕ್ಕಳು ದಡದಡನೆ ಕೆಳಗಿಳಿದರು. ದೊಡ್ಡವರು ಕಾಫಿಯ ಮುಂದೆ ಕೂತರು. ಮೆಟ್ಟಿಲ ಬಾಗಿಲು ತೆರೆದೇ ಇತ್ತು.

"ಒಗೆಯೋ ಮೆಷಿನ್ ಹಿಂದೆ ನೋಡು!" ಟೆಸ್‌ಳ ದನಿ.

"ಇಲ್ಲ. ಬಣ್ಣದ ಡಬ್ಬದಲ್ಲಿ ನೋಡು."

"ಈ ದೊಡ್ಡ ಬೂಟಲ್ಲಿ?"

"ಆ ಬೂಟಲ್ಲಿ ಬೇಡ ಟೆಸ್," ನೋರಾ ಹೇಳಿದಳು, ದಿನಸಿ ಕಪಾಟಿನ ವಿಷಯ ಹೇಳುವಷ್ಟು ಸಲೀಸಾಗಿ. "ಅದ್ರಲ್ಲಿ ಜಾಗ ಇಲ್ಲ. ತಾತನ ಪಿಸ್ತೂಲಿದೆ."

ಗಸ್‌ನ ಲೋಟ ಬಾಯಿಯ ಹತ್ತಿರ ನಿಂತುಬಿಟ್ಟಿತು. ಪೌಲಿನ್ ಆಗಲೇ ಮೆಟ್ಟಿಲ ಮೇಲಿದ್ದಳು, ಮೊಣಕಾಲು ನೋವಿನ ನೆನಪೂ ಇಲ್ಲದೆ.

"ಇಬ್ರೂ ಮೇಲೆ ಬನ್ನಿ. ಈಗ್ಲೇ. ಕೈ ಖಾಲಿ ಇಟ್ಕೊಂಡು."

ಟೆಸ್ ಬಂದಳು. ನೋರಾಳ ಕೈ ಖಾಲಿಯಿರಲಿಲ್ಲ: ಗಣಿಗೆ ಒಯ್ಯುತ್ತಿದ್ದ ಹಳೆಯ ಊಟದ ಡಬ್ಬಿ, ಅದರೊಳಗೆ ರೋಲು. "ಸಿಕ್ತು! ತೊಲೆಗೆ ನೇತುಹಾಕಿದ್ದ! ಯಾವಾಗ್ಲೂ ಅಲ್ಲೇ ಚಾಕೊಲೇಟ್ ಇಡ್ತಾನೆ!"

ಗಸ್ ಕೆಳಗಿಳಿದು ಹೋಗಿ ಬಂದ. ಪಿಸ್ತೂಲಿನ ಗುಂಡುಗಳನ್ನು ತೆಗೆದು, ಉಕ್ಕಿನ ಬೀರುವಿನಲ್ಲಿಟ್ಟು, ಬೀಗ ಹಾಕಿ ಎರಡು ಸಲ ಎಳೆದು ನೋಡಿದ. ಗುಂಡು ತುಂಬಿತ್ತೆಂದು ಪೌಲಿನ್‌ಗೆ ಅವನ ಮುಖವೇ ಹೇಳಿತು. ಪಕ್ಕದ ಬೀದಿಯಲ್ಲಿ ಕಳ್ಳತನವಾದಾಗ ಇಟ್ಟಿದ್ದನಂತೆ. ಮಗಳಿಗೂ ಹೇಳಿರಲಿಲ್ಲ.

"ನೋರಾ, ನಿಂಗೆ ಯಾವಾಗ ಗೊತ್ತಾಯ್ತು ಪುಟ್ಟಿ?"

"ಹೋದ ಕ್ರಿಸ್‌ಮಸ್‌ಗೆ, ಉಡುಗೊರೆ ಹುಡುಕ್ತಿದ್ದಾಗ. ನಾನು ಮುಟ್ಲಿಲ್ಲ ತಾತ." ಸ್ವಲ್ಪ ಯೋಚಿಸಿ ಸೇರಿಸಿದಳು, "ಒಂದೇ ಸಲ ಮುಟ್ಟಿದ್ದು. ತಣ್ಣಗಿತ್ತು."

ಗಸ್ ಕುರ್ಚಿಗೆ ಕುಸಿದ. ಇಂಥ ಹೊತ್ತಿನಲ್ಲಿ ಹೇಳಬಹುದಾದ ಮಾತುಗಳೆಲ್ಲ ಪೌಲಿನ್‌ಗೆ ಗೊತ್ತಿದ್ದವು. ಅವುಗಳಲ್ಲಿ ಒಂದಾದರೂ ಮನುಷ್ಯನನ್ನು ನೆಟ್ಟಗೆ ನಿಲ್ಲಿಸಿದ್ದನ್ನು ಅವಳು ಕಂಡಿರಲಿಲ್ಲ. ಲೋಟಕ್ಕೆ ಬಿಸಿ ಕಾಫಿ ಸುರಿದಳು.

"ಇವತ್ತು ಇಲ್ಲಿ ಬೇಡ," ಎಂದ ಗಸ್. "ಇನ್ನೆಲ್ಲೆಲ್ಲಿ ಏನೇನು ಮರೆತಿದೀನೋ. ಮೂಲೆ ಮೂಲೆ ನೋಡ್ಬೇಕು ನಾನು."

ಟೆಸ್‌ಳ ಮುಖ ಸಣ್ಣದಾಯಿತು. ಅಜ್ಜಿ ಕೇಳದಿದ್ದರೂ ಆಗಬಾರದ್ದೇ ಆಯಿತು.

"ಅದಕ್ಯಾಕೆ ಮುಖ ಹಾಗೆ ಮಾಡ್ತೀಯೇ?" ಎಂದಳು ಪೌಲಿನ್. "ಡೇರೆಗೇನು ಬೇರು ಬಿಟ್ಟಿದ್ಯಾ? ಕಿತ್ಕೊಂಡು ನಮ್ಮನೆಗೆ ನಡೀರಿ."

ಡೇರೆ, ದಿಂಬು, ಕೇಕು ಎಲ್ಲ ಗಸ್‌ನ ಪಿಕಪ್ ಗಾಡಿಯಲ್ಲಿ ಬಂದವು. ಹುಡುಗಿಯರು ಒಳಗೆ ಓಡಲು ಹೊರಟಾಗ ಗಸ್ ತೋಳು ಅಡ್ಡ ಹಿಡಿದ. ಟೋಪಿ ತೆಗೆದು ಮೆಟ್ಟಿಲ ಮೇಲೆ ನಿಂತ.

"ಪೌಲಿನ್, ನಿನ್ಮನೇಲಿ ಕೋವಿ ಇದ್ಯಾ?"

ರೇಗಿಸುತ್ತಿದ್ದಾನೇನೋ ಎಂದು ಅವಳು ಅವನ ಮುಖ ನೋಡಿದಳು. ಇಲ್ಲ. ಉತ್ತರಕ್ಕೆ ಕಾಯುತ್ತಿದ್ದ. ಇಷ್ಟು ವರ್ಷ ಊರೆಲ್ಲ ಕೇಳಿಕೊಂಡು ತಿರುಗಿದವಳನ್ನು ಯಾರೂ ಒಮ್ಮೆಯೂ ತಿರುಗಿ ಕೇಳಿರಲಿಲ್ಲ. ಅವಳು ಬಾಗಿಲ ಚೌಕಟ್ಟನ್ನು ಹಿಡಿದು ಸಾವರಿಸಿಕೊಂಡಳು.

"ಇಲ್ಲ ಗಸ್. ಬಂದು ನೋಡು."

ಅವನು ನೋಡಿಯೇ ನೋಡಿದ. ಕಪಾಟು, ಮಂಚದಡಿ, ಡ್ರಾಯರುಗಳು, ಹಿಟ್ಟಿನ ಡಬ್ಬ. ಓವನ್ನಿನ ಬಾಗಿಲನ್ನೂ ತೆಗೆದ.

"ಅಲ್ಲೂ ನೋಡ್ತೀಯಾ? ಇನ್ನೊಂದು ರೋಲ್ ಇದೆ ಅಂತ ಮೂಗು ಹೇಳ್ತೇನೋ."

"ಕೇಳಿದ್ಮೇಲೆ ಸರಿಯಾಗಿ ನೋಡ್ಬೇಕಲ್ಲ," ಎಂದು ಗಸ್ ಒಂದು ತುಂಡು ಮುರಿದುಕೊಂಡ.

ನಡುಮನೆಯಲ್ಲಿ ಡೇರೆ ವಾಲಿಕೊಂಡೇ ಎದ್ದು ನಿಂತಿತು. ಒಳಗಿನಿಂದ ಟೆಸ್ ತಲೆ ಹೊರಹಾಕಿ, "ಅಜ್ಜಿ ಕೇಳ್ಲೇ ಇಲ್ಲ ನೋಡು," ಎಂದು ಗೆಳತಿಗೆ ಹೆಮ್ಮೆಯಿಂದ ಹೇಳಿ ಮತ್ತೆ ಒಳಸೇರಿದಳು.

ಗಸ್ ಹೊರಡುವಾಗ ಬಾಗಿಲಲ್ಲಿ ತಿರುಗಿದ. "ಮುಂದಿನ ಶನಿವಾರ ನಮ್ಮನೇಲಿ. ಆದ್ರೆ ಮೊದಲು ನೀನು ಬಂದು ಕೇಳ್ಬೇಕು."

"ರೋಲ್ ತರ್ಬೇಕಾ?"

"ಅದನ್ನೂ ಕೇಳ್ತಾರೇನೇ?"